ಮುಂಗಾರಿಗೆ ಮುನ್ನ ಬೆಟ್ಟ ಹತ್ತಿಸು

ತಂಗೀ,

ಬಳ್ಳಾರಿ ಸೀಮೆಯ ಗಣಿ ಪುನಶ್ಚೇತನದ ಕೆಲಸಕ್ಕೆ ನಿನ್ನನ್ನು ಹಾಕಿದ್ದಾರೆಂದೂ ಕೈಕೆಳಗೆ ಗಣಿ ಎಂಜಿನಿಯರುಗಳ ಒಂದು ತಂಡ ಕೊಟ್ಟಿದ್ದಾರೆಂದೂ ತಿಳಿಯಿತು. ನೀನು ಓದಿದ್ದು ಪರಿಸರ ಎಂಜಿನಿಯರಿಂಗ್, ಅವರು ಓದಿದ್ದು ಗಣಿಗಾರಿಕೆ. 'ಇವರಿಗೆ ನಮ್ಮ ಕೆಲಸ ಏನು ಗೊತ್ತು' ಎಂದು ಅವರು ಬಾಯಿಬಿಟ್ಟು ಹೇಳಲಾರರು. ಆದರೆ ಮೊದಲ ಸಭೆಯಲ್ಲೇ ಬೆಂಚು, ಬರ್ಡನ್, ಸ್ಟ್ರಿಪ್ಪಿಂಗ್ ರೇಶಿಯೊ ಎಂದು ಮಾತು ಶುರುವಾಗಿ ನಿನ್ನ ಮುಖ ನೋಡುತ್ತಾರೆ. ಗೊತ್ತಿಲ್ಲದ್ದನ್ನು ಆಗಲೇ ಕೇಳಿಬಿಡು. ಕೇಳಿದ ಅಧಿಕಾರಿಗೆ ಅವರು ಕಲಿಸುತ್ತಾರೆ. ಗೊತ್ತಿದ್ದಂತೆ ತಲೆಯಾಡಿಸಿದ ಅಧಿಕಾರಿಯ ಮುಂದೆ ಮಾತ್ರ ಕಡತವನ್ನಿಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಾರೆ.

ಅವರನ್ನು ಕೀಳಾಗಿ ಕಾಣಬೇಡ. ಬೆಟ್ಟ ಕಡಿದವರ ಪೈಕಿಯವರು ಬೆಟ್ಟ ಉಳಿಸುವುದೇನು ಎಂದು ಪರಿಸರದ ಕಡೆಯಿಂದ ಬಂದ ಕೆಲವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅದು ತಪ್ಪು ಲೆಕ್ಕ. ಬಂಡೆ ಎಲ್ಲಿ ಸೀಳುತ್ತದೆ, ಸಡಿಲ ಮಣ್ಣು ಎಷ್ಟು ಎತ್ತರದವರೆಗೆ ನಿಲ್ಲುತ್ತದೆ, ನೀರು ಎಲ್ಲಿ ನುಗ್ಗಿ ಎಲ್ಲಿ ಒಸರುತ್ತದೆ ಎಂಬುದು ಗಣಿ ಎಂಜಿನಿಯರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಓದುವಾಗ ಆ ವಿದ್ಯೆಯನ್ನೆಲ್ಲ ಅದಿರು ಹೊರಗೆ ತೆಗೆಯಲು ಬಳಸಬೇಕೆಂದು ಅವರಿಗೆ ಹೇಳಿಕೊಟ್ಟಿದ್ದರು, ಅಷ್ಟೇ. ಅದೇ ವಿದ್ಯೆ ಬೆಟ್ಟವನ್ನು ನಿಲ್ಲಿಸುವ ಕಡೆಗೆ ತಿರುಗುವಂತೆ ಮಾಡುವುದು ನಿನ್ನ ಕೆಲಸ.

ಈ ಕೆಲಸ ಯಾಕೆ ಹುಟ್ಟಿತೆಂಬುದು ನಿನ್ನ ತಂಡದ ಎಳೆಯರಿಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. 2011ರಲ್ಲಿ ಅವರಲ್ಲಿ ಹಲವರು ಶಾಲೆಯಲ್ಲಿದ್ದರು. ಆ ವರ್ಷ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಗಣಿಗಳನ್ನೆಲ್ಲ ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರಿನ ಗಣಿಗಳನ್ನೂ ನಿಲ್ಲಿಸಿತು. ಗುತ್ತಿಗೆಗಳ ಗಡಿ ಅಳೆದ ಮೇಲೆ ಅವುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಗಡಿಯಾಚೆ ಅಗೆದದ್ದು ಗುತ್ತಿಗೆಯ ವಿಸ್ತೀರ್ಣದ ಶೇ. 10ರೊಳಗೆ, ಗಡಿಯಾಚೆ ಮಣ್ಣು ಸುರಿದದ್ದು ಶೇ. 15ರೊಳಗೆ ಇದ್ದವು 'ಬಿ'. ಅದನ್ನೂ ಮೀರಿದ 49 ಗುತ್ತಿಗೆಗಳು 'ಸಿ'. ಅವು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಉಳಿದವುಗಳಿಗೆ ಕೋರ್ಟು ಹಾಕಿದ ಷರತ್ತೇ ಪುನಶ್ಚೇತನ ಯೋಜನೆ. ಪ್ರತಿ ಗಣಿಗೂ ಬೇರೆ ಬೇರೆ ಯೋಜನೆ ಆಗಬೇಕು, ಅದು ಒಪ್ಪಿಗೆಯಾಗಬೇಕು, ಆಮೇಲೆ ಬಾಗಿಲು ತೆರೆಯಬೇಕು. ಗಡಿಯಾಚೆ ಅಗೆದ ಪ್ರತಿ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದ ಹೆಕ್ಟೇರಿಗೆ 1 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕಿತ್ತು.

ಆ ಯೋಜನೆಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಲೆಕ್ಕವಿದೆ, ಅದನ್ನು ನಿನ್ನ ಎಂಜಿನಿಯರುಗಳಿಂದಲೇ ಬೋರ್ಡಿನ ಮೇಲೆ ಬರೆಸು. ಒಂದು ಗಣಿ ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದೆಂದು ಗೊತ್ತುಮಾಡುವಾಗ ನೆಲದಲ್ಲಿ ಎಷ್ಟು ಅದಿರಿದೆ ಎಂಬುದೊಂದನ್ನೇ ನೋಡಲಿಲ್ಲ. ತೆಗೆದ ತ್ಯಾಜ್ಯ ಮಣ್ಣು ಹಾಕಲು ಜಾಗ ಎಷ್ಟಿದೆ, ಸಾಗಿಸುವ ರಸ್ತೆ ಎಷ್ಟು ಟಿಪ್ಪರ್ ತಡೆಯುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದರು. ಇಡೀ ಜಿಲ್ಲೆಗೂ ಮಿತಿ ಬಂತು. ಮೊದಲು ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್, ಚಿತ್ರದುರ್ಗ-ತುಮಕೂರಿಗೆ ಸೇರಿ 5. ಮುಂದೆ ಏರಿ ಏರಿ 2022ರಲ್ಲಿ 35 ಮತ್ತು 15 ಆಯಿತು. ಮಿತಿ ಏರಿದಷ್ಟೂ ಆ ಮಣ್ಣಿನ ರಾಶಿ, ಅಂದರೆ ಡಂಪು, ಬೆಳೆಯುತ್ತದೆ. ಅದಿರಿನ ಲೆಕ್ಕ ಇಡುವವರು ಬಹಳ ಮಂದಿ ಇದ್ದಾರೆ. ಡಂಪಿನ ಲೆಕ್ಕ ಇಡುವವರು ನಿನ್ನ ಹುಡುಗರು, ಹುಡುಗಿಯರು ಮಾತ್ರ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಡಂಪಿನ ವರ್ಷ ಜೂನಿನಲ್ಲಿ ಶುರುವಾಗಿ ಚಿತ್ತೆ ಮಳೆ ಹಿಂದೆ ಸರಿದ ಮೇಲೆ ಮುಗಿಯುತ್ತದೆ. ನೀನು ಎಂಜಿನಿಯರುಗಳನ್ನು ಮೊದಲನೆಯ ವರ್ಷದ ಪ್ರಕಾರ ನಡೆಸಿದರೆ ಫೆಬ್ರವರಿ, ಮಾರ್ಚಿನಲ್ಲಿ ಡಂಪಿನ ಸುತ್ತಲಿನ ಗಾರ್ಲೆಂಡ್ ಡ್ರೈನು ಮುಗಿಯಿತು, ಬುಡದ ಟೋ ವಾಲ್ ಮುಗಿಯಿತು, ಚೆಕ್ ಡ್ಯಾಮ್ ಮುಗಿಯಿತು ಎಂದು ಫೋಟೊ ಸಮೇತ ವರದಿ ಬರುತ್ತದೆ, ಬಿಲ್ಲು ಪಾಸಾಗುತ್ತದೆ. ಒಣಗಿದ ನೆಲದಲ್ಲಿ ಎಲ್ಲ ಚರಂಡಿಯೂ ಚೆನ್ನಾಗಿಯೇ ಕಾಣುತ್ತದೆ. ಹುಬ್ಬೆ, ಉತ್ತರೆ ಮಳೆ ಒಂದೇ ರಾತ್ರಿ ಸುರಿದು ಹೋದ ಮರುದಿನ ಬೆಳಿಗ್ಗೆ ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಯಾವ ಚರಂಡಿ ನೀರು ಹಿಡಿಯಿತು, ಯಾವುದು ಹೂಳು ತುಂಬಿ ಉಕ್ಕಿತು ಎಂಬುದು ಗೊತ್ತಾಗುತ್ತದೆ.

ಆದ್ದರಿಂದ ಯಾವ ಕಾಮಗಾರಿಯನ್ನೂ ಒಂದು ಪೂರ್ತಿ ಮಳೆಗಾಲ ದಾಟುವವರೆಗೆ 'ಮುಗಿದದ್ದು' ಎಂದು ನಿನ್ನ ವರದಿಗಳಲ್ಲಿ ಬರೆಸಬೇಡ. 'ಕಟ್ಟಿದೆ' ಎಂದು ಬರೆಸು. ಡ್ರೈನು, ಹೂಳು ತೊಟ್ಟಿಗಳ ಗಾತ್ರದ ಬಗ್ಗೆ ಪರಿಸರ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ: 50 ವರ್ಷದ ಮಳೆ ದಾಖಲೆ ನೋಡಿ, ಒಮ್ಮೆಲೇ ಸುರಿಯುವ ಅತಿ ದೊಡ್ಡ ಮಳೆಗಿಂತ ಶೇ. 50ರಷ್ಟು ಹೆಚ್ಚು ನೀರು ಹಿಡಿಸುವಂತೆ ಕಟ್ಟಬೇಕು. ಆ ಷರತ್ತನ್ನು ಎಲ್ಲರೂ ಓದಿರುತ್ತಾರೆ. ಆ 50 ವರ್ಷದ ದಾಖಲೆ ಎಲ್ಲಿದೆ, ಯಾವ ಮಳೆಮಾಪಕದ್ದು, ಲೆಕ್ಕದ ಹಾಳೆ ಎಲ್ಲಿ ಎಂದು ಕೇಳಿ ನೋಡು. ಹಾಳೆ ತಂದು ತೋರಿಸಿದ ಎಂಜಿನಿಯರನ್ನು ಹೆಸರು ಹಿಡಿದು ಸಭೆಯಲ್ಲಿ ಹೊಗಳು. ತರದವರನ್ನು ಸಭೆಯಲ್ಲಿ ಬಯ್ಯಬೇಡ, ಒಬ್ಬರೇ ಇದ್ದಾಗ ಕೂರಿಸಿಕೊಂಡು ಲೆಕ್ಕ ಮಾಡಿಸು.

ಇನ್ನೊಂದು ಸಂಖ್ಯೆ 28 ಡಿಗ್ರಿ. ಡಂಪಿನ ಒಟ್ಟು ಇಳಿಜಾರು ಅದನ್ನು ಮೀರಬಾರದೆಂದು ಅನುಮತಿ ಪತ್ರ ಹೇಳುತ್ತದೆ. ಟಿಪ್ಪರಿನಿಂದ ಸುರಿದ ಮಣ್ಣು ತನ್ನಷ್ಟಕ್ಕೆ ನಿಲ್ಲುವುದು ಹೆಚ್ಚುಕಡಿಮೆ 37 ಡಿಗ್ರಿಯಲ್ಲಿ. 30 ಮೀಟರ್ ಎತ್ತರದ ಡಂಪನ್ನು 37ರಿಂದ 28ಕ್ಕೆ ಇಳಿಸಬೇಕಾದರೆ ಬುಡ 16-17 ಮೀಟರ್ ಹೊರಗೆ ಸರಿಯಬೇಕು. ಹೊರಗೆ ಏನಿದೆ? ಅರಣ್ಯದ ಗಡಿ, ಇಲ್ಲವೇ ಹಳ್ಳ, ಇಲ್ಲವೇ ಪಕ್ಕದವನ ಗುತ್ತಿಗೆ. ಬುಡ ಸರಿಸಲಾಗದಿದ್ದರೆ ತುದಿಯ ಮಣ್ಣನ್ನು ಮತ್ತೆ ಎತ್ತಿ ಬೇರೆ ಕಡೆ ಸಾಗಿಸಬೇಕು, ಅದಕ್ಕೆ ಡೀಸೆಲ್ ಸುಡಬೇಕು. ಯಾರೂ ಆ ಖರ್ಚು ಇಷ್ಟಪಡುವುದಿಲ್ಲ. ಹೀಗಾಗಿ 34 ಇದ್ದದ್ದನ್ನು 28 ಎಂದು ಬರೆದುಬಿಡುವ ಒತ್ತಡ ಕೊನೆಗೆ ಬೀಳುವುದು ನಿನ್ನ ತಂಡದ ಅತಿ ಕಿರಿಯ ಎಂಜಿನಿಯರಿನ ಮೇಲೆ. ಅವನು ಆ ಒತ್ತಡದಲ್ಲಿ ಇದ್ದಾನೆಂಬುದು ನಿನಗೆ ಗೊತ್ತಿರಬೇಕು. 'ಇಳಿಜಾರು ಎಷ್ಟು' ಎಂದು ಕೇಳುವುದರ ಜೊತೆಗೆ 'ಇಳಿಸಲು ಜಾಗ ಇತ್ತೇ' ಎಂದೂ ಕೇಳು. ಆ ಎರಡನೆಯ ಪ್ರಶ್ನೆ ಕೇಳುವ ಮೇಲಧಿಕಾರಿಗೆ ಅವನು ನಿಜ ಹೇಳುತ್ತಾನೆ.

ಡಂಪು ಜಾರಿದರೆ ಏನಾಗುತ್ತದೆಂದು ತಿಳಿಯಲು ವೇಲ್ಸ್ ದೇಶದ ಆಬರ್‌ಫಾನ್ ಎಂಬ ಕಲ್ಲಿದ್ದಲು ಹಳ್ಳಿಯ ಕಥೆಯನ್ನು ನಿನ್ನ ತಂಡಕ್ಕೆ ನೀನೇ ಹೇಳಬೇಕು. 1966ರ ಅಕ್ಟೋಬರ್ 21, ಶುಕ್ರವಾರ. ಬೆಳಿಗ್ಗೆ ಮಕ್ಕಳು ಆಗಷ್ಟೇ ಶಾಲೆಗೆ ಬಂದಿದ್ದರು. ಬೆಟ್ಟದ ಮೇಲಿದ್ದ 7ನೇ ನಂಬರಿನ ಡಂಪು ಜಾರಿ ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆ ಬಿತ್ತು. 144 ಜನ ಸತ್ತರು, ಅವರಲ್ಲಿ 116 ಮಕ್ಕಳು. ಆ ಡಂಪನ್ನು 1958ರಲ್ಲಿ ಒರತೆಯ ನೀರಿದ್ದ ಜಾಗದ ಮೇಲೆ ಹಾಕಲು ಶುರುಮಾಡಿದ್ದರು. ಆ ಒರತೆ ಸರ್ಕಾರಿ ನಕ್ಷೆಯಲ್ಲೇ ಗುರುತಾಗಿತ್ತು. ನಕ್ಷೆ ಬಿಚ್ಚಿ ನೋಡಿದವರಿಲ್ಲ. 1963ರಲ್ಲಿ ಪುರಸಭೆಯ ಎಂಜಿನಿಯರು ಶಾಲೆಯ ಹಿಂದೆ ಕಲ್ಲಿದ್ದಲ ಕೆಸರು ಸುರಿಯುತ್ತಿರುವುದರಿಂದ ಅಪಾಯವಿದೆಯೆಂದು ಪತ್ರ ಬರೆದಿದ್ದರು. ಪತ್ರ ಕಡತ ಸೇರಿತು.

ವಿಚಾರಣೆ ನಡೆಸಿದ ನ್ಯಾಯಮಂಡಳಿ 1967ರಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆ ಮಾಡಿತು. ನಮ್ಮಂಥವರು ಅದರಲ್ಲಿ ಮುಖ್ಯವಾಗಿ ನೋಡಬೇಕಾದ ಭಾಗ ಒಂದಿದೆ. ಡಂಪುಗಳ ಉಸ್ತುವಾರಿ ಮೆಕ್ಯಾನಿಕಲ್ ಎಂಜಿನಿಯರುಗಳ ಕೈಯಲ್ಲಿತ್ತು. ಅವರು ಸಾಗಿಸುವ ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುತ್ತಿದ್ದರು. ಸುರಿದ ಮಣ್ಣು ನಿಲ್ಲುತ್ತದೆಯೇ ಎಂದು ನೋಡಬಲ್ಲ ವಿದ್ಯೆಯವರನ್ನು ಜಾಗ ಆರಿಸುವಾಗ ಕರೆದೇ ಇರಲಿಲ್ಲ. ಡಂಪಿಗೆ ಸಂಬಂಧಿಸಿದ ಯಾವ ನೀತಿಯೂ ಆ ದೊಡ್ಡ ಸಂಸ್ಥೆಯಲ್ಲಿ ಇರಲಿಲ್ಲ. ಅಲ್ಲಿದ್ದವರು ಕೆಟ್ಟವರಾಗಿರಲಿಲ್ಲ, ದಡ್ಡರೂ ಅಲ್ಲ. ಒಬ್ಬರ ಕೆಲಸದ ಅಂಚು ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆಂದು ಮೇಲಿನವರು ಗೊತ್ತುಮಾಡಿರಲಿಲ್ಲ. ಆ ಅಂಚಿನಲ್ಲೇ ಡಂಪು ಬೆಳೆದು ನಿಂತಿತ್ತು. ನಿನ್ನ ಕುರ್ಚಿಯ ಕೆಲಸ ಆ ಅಂಚುಗಳನ್ನು ಕಾಯುವುದು. ನಮ್ಮ ದೇಶದಲ್ಲೂ 2016ರ ಡಿಸೆಂಬರಿನಲ್ಲಿ ಜಾರ್ಖಂಡದ ರಾಜಮಹಲ್ ಕಲ್ಲಿದ್ದಲು ಗಣಿಯಲ್ಲಿ ತ್ಯಾಜ್ಯ ಮಣ್ಣಿನ ರಾಶಿ ಕುಸಿದು 23 ಕಾರ್ಮಿಕರು ಸತ್ತರು. ಇದು ಪರದೇಶದ ಹಳೆಯ ಕಥೆಯಲ್ಲ.

ಇನ್ನು ಸಹಿಯ ವಿಷಯ. 1972ರ ಫೆಬ್ರವರಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬಫಲೊ ಕ್ರೀಕ್ ಕಣಿವೆಯಲ್ಲಿ ಗಣಿಯ ಕೆಸರು ಕಟ್ಟೆ ಒಡೆದು 125 ಜನ ಕೊಚ್ಚಿಹೋದರು. ಅದಕ್ಕೆ ನಾಲ್ಕು ದಿನ ಮೊದಲು ಸರ್ಕಾರದ ತನಿಖಾಧಿಕಾರಿಯೊಬ್ಬರು ಆ ಕಟ್ಟೆಯನ್ನು ತೃಪ್ತಿಕರ ಎಂದು ಬರೆದಿದ್ದರು. ಆ ದೇಶ ಅಗೆದ ನೆಲವನ್ನು ಮತ್ತೆ ಸರಿಮಾಡಿಕೊಡಬೇಕೆಂದು 1977ರಲ್ಲಿ ಕಾನೂನು ಮಾಡಿದ್ದು ಇಂಥವನ್ನೆಲ್ಲ ಕಂಡ ಮೇಲೆ. ನಮ್ಮ ಕಡತಗಳಲ್ಲಿ ಆ 'ತೃಪ್ತಿಕರ' ಎಂಬ ಷರಾ ಎಷ್ಟು ಸಲೀಸಾಗಿ ಬೀಳುತ್ತದೆ ಎಂಬುದನ್ನು ನೀನೂ ನೋಡಿರುತ್ತೀಯ. ನಿನ್ನ ತಂಡದಲ್ಲಿ ಆ ಷರಾ ನಿಲ್ಲಿಸಿಬಿಡು. ಏನು ಕಂಡಿತು, ಎಲ್ಲಿಂದ ಕಂಡಿತು, ಎಷ್ಟು ಅಳತೆ ಬಂತು, ಎಲ್ಲಿಗೆ ಹೋಗಲಾಗಲಿಲ್ಲ, ಅಷ್ಟು ಬರೆಯಲಿ. 'ಉತ್ತರದ ಇಳಿಜಾರಿನ ಬುಡಕ್ಕೆ ದಾರಿ ಇರಲಿಲ್ಲ, ನೋಡಿಲ್ಲ' ಎಂದು ಬರೆದ ಎಂಜಿನಿಯರಿಗೆ ನೋಟಿಸು ಕೊಡಬೇಡ, ದಾರಿ ಮಾಡಿಸಿಕೊಡು.

ಅವರ ಟಿಪ್ಪಣಿಯನ್ನು ತಿದ್ದಿಸಬೇಡ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ. ಮೇಲಿನಿಂದ ಫೋನು ಬರುತ್ತದೆ, 'ಆ ಪ್ಯಾರಾ ಸ್ವಲ್ಪ ಮೆದು ಮಾಡಿಸಿ' ಎನ್ನುತ್ತಾರೆ. ನಿನಗೆ ನಿಜಕ್ಕೂ ಭಿನ್ನಾಭಿಪ್ರಾಯವಿದ್ದರೆ ಕಿರಿಯರ ಟಿಪ್ಪಣಿಯ ಕೆಳಗೆ ನಿನ್ನ ಟಿಪ್ಪಣಿ ಬರೆದು ನಿನ್ನ ಸಹಿ ಹಾಕು. ಕಿರಿಯರಿಂದ ಬೇರೆ ಹಾಳೆ ಬರೆಸಿ ಹಳೆಯದನ್ನು ಹರಿಯುವುದು ಒಮ್ಮೆ ನಡೆದರೆ ಸಾಕು, ಮುಂದೆ ಅವರು ನಿನಗೇನು ಬೇಕೋ ಅದನ್ನೇ ಕಾಣುತ್ತಾರೆ. ಆಮೇಲೆ ನಿನಗೆ ಬೆಟ್ಟದ ಸುದ್ದಿ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಈಗ ಡ್ರೋನು ಬಂದಿದೆ. 2021ರ ನವೆಂಬರಿನ ತಿದ್ದುಪಡಿಯಿಂದ ವರ್ಷಕ್ಕೆ ಹತ್ತು ಲಕ್ಷ ಟನ್ನು ಅಥವಾ ಅದಕ್ಕಿಂತ ಹೆಚ್ಚು ಅಗೆಯುವ ಯೋಜನೆಯಿರುವ, ಇಲ್ಲವೇ 50 ಹೆಕ್ಟೇರು ಅಥವಾ ಅದಕ್ಕಿಂತ ಹೆಚ್ಚಿನ ಗುತ್ತಿಗೆಗಳು ಪ್ರತಿ ವರ್ಷ ಡ್ರೋನ್ ಸರ್ವೆ ಕೊಡಲೇಬೇಕು. ಬಹಳ ಒಳ್ಳೆಯದು. ಗಡಿ ಕಲ್ಲು ಸರಿಸುವ ಆಟ ಅದರಿಂದ ಕಷ್ಟವಾಗಿದೆ. ಆದರೆ ಡಂಪಿನ ಬುಡದಲ್ಲಿ ಒಸರುವ ಕೆಂಪು ನೀರು, ಟೋ ವಾಲಿನ ಕಲ್ಲಿನ ಸಂದಿಯಿಂದ ಜಾರುವ ಪುಡಿ, ತುದಿಯಲ್ಲಿ ಕೂದಲೆಳೆಯಷ್ಟು ತೆರೆದ ಬಿರುಕು, ಇವುಗಳಿಗೆ ಕಾಲೇ ಬೇಕು. ಯುವ ಎಂಜಿನಿಯರುಗಳು ಲ್ಯಾಪ್‌ಟಾಪಿನ ಮುಂದೆ ಚೆನ್ನಾಗಿ ಕೆಲಸ ಮಾಡುತ್ತಾರೆ. ನಕ್ಷೆ ಮಾಡಿದವರೇ ಆ ನಕ್ಷೆ ಹಿಡಿದು ಬುಡದವರೆಗೆ ಇಳಿಯಬೇಕೆಂದು ನಿಯಮ ಮಾಡು.

ಇನ್ನು ನಂಟಿನ ಮಾತು. ಗಣಿ ಎಂಜಿನಿಯರಿಂಗ್ ಕಲಿಸುವ ಕಾಲೇಜುಗಳು ನಮ್ಮಲ್ಲಿ ಕೈಬೆರಳಲ್ಲಿ ಎಣಿಸುವಷ್ಟಿವೆ. ಹೀಗಾಗಿ ಮೇಜಿನ ಆಚೆ ಕೂತ ಗಣಿ ಮ್ಯಾನೇಜರು ನಿನ್ನ ಎಂಜಿನಿಯರಿನ ಹಾಸ್ಟೆಲ್ ರೂಮ್‌ಮೇಟ್ ಆಗಿರುತ್ತಾನೆ, ಇಲ್ಲವೇ ಅವನಿಗೆ ಕೆಲಸ ಕಲಿಸಿದ ಸೀನಿಯರ್ ಆಗಿರುತ್ತಾನೆ. ಇದನ್ನು ಅನುಮಾನದಿಂದ ನೋಡಿದರೆ ನಿನ್ನ ತಂಡದಲ್ಲಿ ಒಬ್ಬರೂ ಉಳಿಯುವುದಿಲ್ಲ. ಸ್ನೇಹ ಇರಲಿ, ಅದು ಎಲ್ಲರಿಗೂ ಗೊತ್ತಿರಲಿ. ಯಾವ ಗಣಿಯಲ್ಲಿ ಯಾರಿಗೆ ಆಪ್ತರಿದ್ದಾರೆ ಎಂದು ಅವರೇ ಬರೆದುಕೊಡುವ ಪದ್ಧತಿ ತಂದು, ಆ ಗಣಿಗೆ ಒಬ್ಬರನ್ನೇ ಕಳಿಸದೆ ಇಬ್ಬರನ್ನು ಕಳಿಸು. ಗಾಡಿ ನಿನ್ನ ಕಚೇರಿಯದೇ ಆಗಿರಲಿ. ಗಾಡಿಯಿಲ್ಲದ ದಿನ ಪರಿಶೀಲನೆ ಮುಂದೂಡು. ಕಂಪನಿ ಕಳಿಸಿದ ಜೀಪಿನಲ್ಲಿ ಕೂತವರು ಜೀಪು ಹೋದ ಕಡೆಗಷ್ಟೇ ಹೋಗಿ ಬರುತ್ತಾರೆ. ಊಟದ ಡಬ್ಬಿಯೂ ಅಷ್ಟೇ, ಮನೆಯಿಂದಲೇ ಬರಲಿ.

ಅರಣ್ಯ ಇಲಾಖೆಯವರ ಜೊತೆ ನಿನ್ನವರಿಗೆ ತಿಕ್ಕಾಟ ಬರುತ್ತದೆ. ಎಂಜಿನಿಯರು ಇಳಿಜಾರು ಗಟ್ಟಿಯಾಗಲೆಂದು ಮಣ್ಣು ಅದುಮಿಸುತ್ತಾನೆ. ಅದುಮಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲವೆಂದು ವಲಯ ಅರಣ್ಯಾಧಿಕಾರಿ ಸಿಟ್ಟಾಗುತ್ತಾರೆ. ಇಬ್ಬರದೂ ಸರಿ. ತೆಂಗಿನ ನಾರಿನ ಬಲೆ ಹಾಸಿ, ಮೇಲ್ಮಣ್ಣು ಹರಡಿ, ಮೊದಲು ಹುಲ್ಲು ಬಿತ್ತಿ ಆಮೇಲೆ ಗಿಡ ನೆಡುವ ದಾರಿ ಇಬ್ಬರೂ ಒಂದೇ ಡಂಪಿನ ಮೇಲೆ ನಿಂತು ಮಾತಾಡಿದಾಗ ಮಾತ್ರ ಹೊಳೆಯುತ್ತದೆ. ಸಸಿಗಳ ಲೆಕ್ಕಕ್ಕೆ ಮರುಳಾಗಬೇಡ. ಬೇಗ ಹಸಿರು ಕಾಣಲೆಂದು ಅಕೇಶಿಯಾ, ಸುಬಾಬುಲ್ ತುಂಬಿಸುವುದು ಸುಲಭ. ಈ ಸೀಮೆಯ ಸಂಡೂರಿನ ಬೆಟ್ಟದ್ದೇ ಆದ ಕಮರ, ದಿಂಡುಗ, ಕಕ್ಕೆ ನಿಧಾನ. ಆದರೆ ನೀರು ಹಾಕುವವರು ಹೋದ ಮೇಲೂ ಉಳಿಯುತ್ತವೆ. ಗಿಡಗಂಟಿ ತಾನಾಗಿಯೇ ಬೆಳೆದುಕೊಳ್ಳುವವರೆಗೆ ನಿಗಾ ಇರಬೇಕೆಂದು ಅನುಮತಿ ಪತ್ರವೂ ಹೇಳುತ್ತದೆ. ಯಾವ ಗಿಡ ಎಲ್ಲಿ ಹಿಡಿಯುತ್ತದೆಂದು ಕುರಿ ಕಾಯುವವರನ್ನು ಕೇಳಲು ನಿನ್ನ ಎಂಜಿನಿಯರುಗಳಿಗೆ ಸಂಕೋಚ ಬೇಡ. ಯಾವ ವರ್ಷ ಯಾವ ಹೊಲಕ್ಕೆ ಕೆಂಪು ನೀರು ನುಗ್ಗಿತು ಎಂಬುದೂ ಆ ಊರವರಿಗೆ ಗೊತ್ತು.

ತಂಡದಲ್ಲಿ ಹುಡುಗಿಯರೂ ಇದ್ದಾರೆಂದು ಕೇಳಿ ಸಂತೋಷವಾಯಿತು. ಗಣಿ ಕಾಯಿದೆ 2019ರವರೆಗೂ ಸಂಜೆ ಏಳರ ಮೇಲೆ ಹೆಣ್ಣುಮಕ್ಕಳಿಗೆ ತೆರೆದ ಗಣಿಯಲ್ಲಿ ದುಡಿಯಲು ಬಿಡುತ್ತಿರಲಿಲ್ಲ, ಭೂಗತ ಗಣಿಗಂತೂ ಇಳಿಸುತ್ತಲೇ ಇರಲಿಲ್ಲ. ಕಾನೂನು ಸಡಿಲವಾಯಿತು, ಸೈಟುಗಳು ಇನ್ನೂ ಬದಲಾಗಿಲ್ಲ. ಕಾಲಿಗೆ ಸರಿಹೊಂದುವ ಅಳತೆಯ ಸೇಫ್ಟಿ ಶೂ, ದಾರಿಯಲ್ಲಿ ಶೌಚಾಲಯ, ಜೊತೆಗೊಬ್ಬ ಸಹಾಯಕರು, ಇವನ್ನು ಕೇಳದೆಯೇ ಒದಗಿಸು. ಅವರನ್ನು 'ಕಚೇರಿ ಕೆಲಸ ನೋಡಿಕೊಳ್ಳಮ್ಮ' ಎಂದು ಕೂರಿಸಿದರೆ ಅನ್ಯಾಯ ಮಾಡಿದಂತೆ.

ವರ್ಗಾವಣೆ ಪೂರ್ತಿ ನಿನ್ನ ಕೈಯಲ್ಲಿಲ್ಲ. ಆದರೆ ಒಳಗಿನ ಹಂಚಿಕೆ ನಿನ್ನದೇ. ಒಂದು ಗಣಿಯನ್ನು ಒಬ್ಬ ಎಂಜಿನಿಯರಿಗೆ ಕೊಟ್ಟರೆ ಕನಿಷ್ಠ ಮೂರು ಮಳೆಗಾಲ ಬದಲಿಸಬೇಡ. ತಾನು ಒಪ್ಪಿಗೆ ಕೊಟ್ಟ ಚರಂಡಿ ಉಕ್ಕಿದ್ದನ್ನು ತಾನೇ ನೋಡಿದ ಎಂಜಿನಿಯರು ಮುಂದಿನ ಸಲ ಬರೆಯುವ ಡಿಸೈನೇ ಬೇರೆ. ಹಾಗೆ ಉಕ್ಕಿದ್ದಕ್ಕೆ ಶಿಕ್ಷೆ ಕೊಡಬೇಡ, ಮುಚ್ಚಿಟ್ಟರೆ ಮಾತ್ರ ಕೊಡು. ವರ್ಷದ ಕಾರ್ಯನಿರ್ವಹಣಾ ವರದಿಯನ್ನು ವಿಲೇವಾರಿಯಾದ ಕಡತ ಎಣಿಸಿ ಬರೆಯದೆ, ಮಳೆಯ ನಂತರ ಅವರ ಗಣಿಗಳ ಕೆಳಗಿನ ಹಳ್ಳ ಹೇಗಿದೆ ಎಂದು ನೋಡಿ ಬರೆ. ಈ ಸೀಮೆಯ ಪುನಶ್ಚೇತನಕ್ಕೆ ಮೀಸಲಾದ ಹಣ ಸಾವಿರಾರು ಕೋಟಿ. ದುಡ್ಡಿನ ಕೊರತೆ ಎಂಬ ನೆಪ ನಮಗಿಲ್ಲ. ಮಳೆಯಲ್ಲಿ ನಿಂತು ನೋಡುವ ಕಣ್ಣಿನ ಕೊರತೆ ಇದೆ, ಅದನ್ನು ನೀನು ತುಂಬಬಲ್ಲೆ.

ಇವೆಲ್ಲ ಇಲ್ಲದಿದ್ದರೆ ಏನಾಗುತ್ತದೆಂದು ಕೋಲಾರದಲ್ಲಿ ಕಾಣುತ್ತದೆ. ಅಲ್ಲಿಯ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ಮುಚ್ಚುವ ಯೋಜನೆ ಮೊದಲೇ ಕೊಡಬೇಕೆಂಬ ನಿಯಮ ಬಂದದ್ದು 2003ರ ಏಪ್ರಿಲಿನಲ್ಲಿ. ನಡುವೆ ಎರಡು ವರ್ಷ ಅಷ್ಟೇ. ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳು ಇಂದಿಗೂ ಆ ಊರಿನ ನಡುವೆ ನಿಂತಿವೆ, ಗಾಳಿ ಬೀಸಿದಾಗ ಪುಡಿ ಮನೆಗಳಿಗೆ ಬರುತ್ತದೆ. ಸಂಡೂರಿನ ಗಣಿಗಳಿಗೆ ನಿಯಮವಿದೆ, ಹಣವಿದೆ, ಕೋರ್ಟಿನ ಕಣ್ಣಿದೆ, ನಿನ್ನ ತಂಡವಿದೆ. ಕೋಲಾರದವರಿಗೆ ಇವ್ಯಾವೂ ಇರಲಿಲ್ಲ. ತಂಡವನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗು, ತರಬೇತಿ ಎಂದು ಬರೆದರೆ ಮಂಜೂರಾಗುತ್ತದೆ.

ಈಗ ಏಪ್ರಿಲ್ ನಡೆಯುತ್ತಿದೆ. ರೋಹಿಣಿ ಮಳೆಗೆ ಮುಂಚೆ ಒಂದು ಕೆಲಸ ಮುಗಿಸು. ಪ್ರತಿ ಎಂಜಿನಿಯರೂ ತನ್ನ ಪಾಲಿನ ಪ್ರತಿ ಡಂಪಿನ ಬುಡಕ್ಕೆ ನಡೆದು ಹೋಗಿ, ಅಲ್ಲಿಂದ ನೀರು ಹರಿಯುವ ದಾರಿಯಲ್ಲೇ ಇಳಿದು, ಅದು ಸೇರುವ ಹೊಲ, ಕೆರೆ ಅಥವಾ ಹಳ್ಳದವರೆಗೆ ಹೋಗಿ, ನಡುವೆ ಏನೇನು ಸಿಕ್ಕಿತೆಂದು ಒಂದು ಹಾಳೆಯಲ್ಲಿ ಬರೆದು ತರಲಿ. ಮೊದಲ ಡಂಪಿಗೆ ನೀನೂ ಜೊತೆಗೆ ನಡೆ. ಸಂಡೂರಿನ ತಾರಾನಗರದ ಕಡೆ, ನಾರಿಹಳ್ಳ ಜಲಾಶಯಕ್ಕೆ ನೀರು ಇಳಿಯುವ ಬದಿಯಿಂದ ಶುರು ಮಾಡಿದರೆ ಒಳ್ಳೆಯದು, ಅಲ್ಲಿಯ ನೀರು ಜನ ಕುಡಿಯುವುದು. ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಆರಕ್ಕೆ ಹೊರಡಿ. ನನ್ನ ಮಂಡಿ ಇನ್ನೂ ಅಷ್ಟು ಇಳಿಜಾರಿಗೆ ಸಾಕು. ನಿನ್ನ ಹುಡುಗರಿಗೆ ಬೇಡವೆನಿಸದಿದ್ದರೆ ನಾನೂ ಬರುತ್ತೇನೆ.